ಡಾಕ್ಟರ್ ಸೀಟಿಗೆ ಒಂದೇ ಟೆಂಡರು

ನಮ್ಮ ಮನೆಯ ನಡುಕೋಣೆಯ ಮೊಳೆಗೆ ಒಂದು ಮಂಕಿ ಟೋಪಿ ನೇತಾಡುತ್ತಿದೆ. ರಾಣೆಬೆನ್ನೂರಿನಲ್ಲಿ ಮಂಕಿ ಟೋಪಿ ಬೇಕಾಗುವಂಥ ಚಳಿ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಮನೆಗೆ ಬಂದವರು ಅದನ್ನೊಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿ, ಮಾತನ್ನು ಬೇರೆ ಕಡೆಗೆ ತಿರುಗಿಸುತ್ತಾರೆ. ಅಂಚೆ ಕಚೇರಿಯಿಂದ ನಿವೃತ್ತಿಯಾದ ಹೆಂಗಸರ ತಲೆ ಹೀಗೇ ಆಗುತ್ತದೆಂದು ಅವರು ತೀರ್ಮಾನಿಸಿದಂತಿದೆ. ಟೋಪಿ ನನ್ನದಲ್ಲ, ನನ್ನ ತಮ್ಮ ಚನ್ನಬಸುವಿನದು. ಅವನು ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಸುಪರ್‌ವೈಸರ್. ಬಣ್ಣ ಕೆಡಬಾರದೆಂದು ಅಲ್ಲಿ ಮೆಣಸಿನಕಾಯಿ ಚೀಲಗಳನ್ನು ತಿಂಗಳುಗಟ್ಟಲೆ ತಂಪಿನಲ್ಲಿ ಮಲಗಿಸಿಡುತ್ತಾರೆ. ಹೊರಗೆ ಮೇ ತಿಂಗಳ ಬಿಸಿಲಿಗೆ ಡಾಂಬರು ಮೆತ್ತಗಾಗಿರುವಾಗ ನನ್ನ ತಮ್ಮ ಸ್ವೆಟರು, ಮಫ್ಲರು, ಈ ಟೋಪಿ ಎಲ್ಲ ಏರಿಸಿಕೊಂಡು ಸ್ಕೂಟರಿನ ಮೇಲೆ ಊಟಕ್ಕೆ ಅದೇ ಊರಿನ ತನ್ನ ಮನೆಗೆ ಬರುತ್ತಾನೆ. ಬಿಚ್ಚಿಡೋ ಎಂದರೆ, ತಿರುಗಿ ಹೋಗಬೇಕಲ್ಲ ಅನ್ನುತ್ತಾನೆ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಗಾಬರಿಯ ಹೆಂಗಸು. ಊರಿಗೆ ತಂತಿ ಬರುತ್ತಿದ್ದ ಕಾಲದಲ್ಲಿ ನೌಕರಿಗೆ ಸೇರಿದವಳು. ತಂತಿಯೆಂದರೆ ಯಾರೋ ಹೋದರು ಎಂದೇ ಲೆಕ್ಕ. ಹಾಗಾಗಿ ಬೆಳಗ್ಗೆ ಬೇಗ ಫೋನು ಬಂದರೆ ಮೊದಲು ‘ಯಾರು’ ಎಂದು ನಡುಗುವ ದನಿಯಲ್ಲಿ ಕೇಳುತ್ತೇನೆ, ಹಲೋ ಅನ್ನುವುದು ಆಮೇಲೆ. ಗ್ಯಾಸಿನವನು ಬೆಲ್ ಮಾಡಿದರೂ ನನ್ನ ಎದೆ ಒಮ್ಮೆ ಧಸಕ್ಕೆನ್ನಬೇಕು. ಇಂಥ ನನಗೆ ಜೀವಮಾನದಲ್ಲಿ ಒಟ್ಟಾಗಿ ಸಿಗಬೇಕಾಗಿದ್ದ ಗಾಬರಿಯನ್ನೆಲ್ಲ ಒಂದೇ ವರ್ಷದಲ್ಲಿ ಕೊಟ್ಟವಳು ಚನ್ನಬಸುವಿನ ಮಗಳು ಪಲ್ಲವಿ. ಪಾಪ, ಅವಳೇನೂ ಮಾಡಲಿಲ್ಲ. ಡಾಕ್ಟರ್ ಓದಲು ಹೊರಟಳು, ಅಷ್ಟೆ.

ಡಾಕ್ಟರನ್ನು ಆರಿಸುವುದು ಇಷ್ಟು ಕಷ್ಟದ ಕೆಲಸವೆಂದು ನಮಗೆ ಚಿಕ್ಕಂದಿನಲ್ಲಿ ಗೊತ್ತಿರಲಿಲ್ಲ. ಬ್ಯಾಡಗಿಯಲ್ಲಿ ನಮ್ಮ ಓಣಿಯ ಹುಡುಗರೆಲ್ಲ ಸೇರಿ ದವಾಖಾನೆ ಆಟ ಆಡುವಾಗ ಡಾಕ್ಟರ್ ಯಾರಾಗಬೇಕೆಂಬ ಜಗಳ ನಿಮಿಷದಲ್ಲಿ ತೀರುತ್ತಿತ್ತು. ಎಲ್ಲರೂ ಮೆಣಸಿನಕಾಯಿ ಒಣಹಾಕಿದ ಅಂಗಳಕ್ಕೆ ಹೋಗುವುದು. ಒಬ್ಬ ಹುಡುಗ ಖಾಲಿ ಚೀಲ ತೆಗೆದುಕೊಂಡು ಎಲ್ಲರ ಮುಖದ ಮುಂದೆ ಜಾಡಿಸುವುದು. ನಮ್ಮೂರ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಎಂದು ಹೊರಗಿನವರು ಹೇಳುತ್ತಾರೆ. ಅವರು ಆ ಚೀಲವನ್ನು ಮೂಸಿದವರಲ್ಲ. ಯಾರು ಸೀನಲಿಲ್ಲವೋ ಅವರು ಡಾಕ್ಟರ್, ಸೀನಿದವರೆಲ್ಲ ಪೇಷಂಟ್. ತಾನೇ ಸೀನುವವನು ಪೇಷಂಟಿಗೆ ಏನು ಔಷಧ ಕೊಟ್ಟಾನು ಎಂಬುದು ನಮ್ಮ ತರ್ಕ. ಚನ್ನಬಸು ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ, ಮೂಗು ಕೆಂಪಾಗಿಸಿಕೊಂಡು ನಿಂತುಬಿಡುತ್ತಿದ್ದ. ಸೀನುತ್ತಿರಲಿಲ್ಲ. ನಾನು ಯಾವಾಗಲೂ ಪೇಷಂಟು. ಅವನು ನನ್ನ ಕಂಕುಳಲ್ಲಿ ಪೆನ್ಸಿಲ್ ಇಟ್ಟು, ‘ಇದು ಬದುಕೂದಿಲ್ಲ’ ಎಂದು ಗಂಭೀರವಾಗಿ ಹೇಳುತ್ತಿದ್ದ. ನಾನು ಆಗಲೇ ಗಾಬರಿಯಾಗಲು ಕಲಿತೆನೋ ಏನೋ.

ಈಗಿನ ರೀತಿ ಬೇರೆ. ನೀಟ್ ಪರೀಕ್ಷೆಯ ದಿನ ನಾವೆಲ್ಲ ಹಾವೇರಿಗೆ ಹೋಗಿದ್ದೆವು. ಪಲ್ಲವಿ, ಅವಳ ತಾಯಿ ಗಿರಿಜಾ, ನಾನು, ಸ್ವೆಟರಿಲ್ಲದೆ ಬೇರೆ ಯಾರೋ ಅನ್ನಿಸುತ್ತಿದ್ದ ಚನ್ನಬಸು. ಗೇಟಿನ ಹತ್ತಿರ ನಿಂತು ನಾನು ನೋಡಿದ್ದನ್ನು ಹೇಳಿದರೆ ನೀವು ನಂಬಬೇಕು. ನಕಲು ಮಾಡಬಾರದೆಂದು ಉದ್ದ ತೋಳು, ಒಡವೆ, ಪಿನ್ನು ಯಾವುದನ್ನೂ ಒಳಗೆ ಬಿಡುವುದಿಲ್ಲವಂತೆ. ಉದ್ದ ತೋಳಿನ ಅಂಗಿಯ ಹುಡುಗನೊಬ್ಬನ ತಾಯಿ ತನ್ನ ಹಲ್ಲಿನಿಂದ ಹೊಲಿಗೆ ಬಿಚ್ಚಿ ತೋಳು ಕೀಳುತ್ತಿದ್ದಳು. ಹೆಣ್ಣುಮಕ್ಕಳು ಕಿವಿಯೋಲೆ, ಬಳೆ, ಕೂದಲಿನ ಕ್ಲಿಪ್ಪು ಒಂದೊಂದಾಗಿ ಬಿಚ್ಚಿ ಕೊಡುತ್ತಿದ್ದರು. ಪಲ್ಲವಿ ತನ್ನದನ್ನೆಲ್ಲ ನನ್ನ ಸೆರಗಿಗೆ ಹಾಕಿದಳು. ಗಿರಿಜಾಗೆ ಅಷ್ಟು ಸಾಲದೆ ಮಗಳ ದುಪಟ್ಟಾದ ಪಿನ್ನು ಎಲ್ಲಿ ಚುಚ್ಚಿದೆ ಎಂದು ಹುಡುಕತೊಡಗಿದಳು. ದುಪಟ್ಟಾವನ್ನೇ ಮನೆಯಲ್ಲಿ ಬಿಟ್ಟು ಬಂದಿದ್ದೇವೆಂದು ನೆನಪಾಗಲು ಹೊತ್ತಾಯಿತು. ಕೊನೆಗೆ ಹುಡುಗಿ ಬೋಳು ಕಿವಿ, ಬಿಚ್ಚುಗೂದಲು, ಹವಾಯಿ ಚಪ್ಪಲಿ, ಕೈಯಲ್ಲೊಂದು ಪಾರದರ್ಶಕ ನೀರಿನ ಬಾಟಲಿ, ಹೀಗೆ ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಪರೀಕ್ಷೆಗೆ ಕಳಿಸಿದಂತೆ ಅನ್ನಿಸಲಿಲ್ಲ. ಏನು ಅನ್ನಿಸಿತೆಂದು ಬಾಯಿಬಿಟ್ಟು ಹೇಳಲು ಭಯವಾಗಿ, ಅವಳ ಕಿವಿಯೋಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬೇವಿನ ಮರದ ಕೆಳಗೆ ಕೂತೆ.

ಅಂಕಗಳು ಬಂದವು. ಅದೂ ಒಂದು ಗಾಬರಿ. ನಮ್ಮ ಕಾಲದಲ್ಲಿ ಪಾಸು ಅಥವಾ ನಪಾಸು ಇತ್ತು, ಅಳಬೇಕೋ ಪೇಢೆ ಹಂಚಬೇಕೋ ಕೂಡಲೇ ತಿಳಿಯುತ್ತಿತ್ತು. ಇಲ್ಲಿ ಅಂಕ ಬಂದ ಮೇಲೂ ಒಳ್ಳೆಯದೋ ಕೆಟ್ಟದ್ದೋ ಯಾರಿಗೂ ಗೊತ್ತಿಲ್ಲ. ದೇಶದಲ್ಲಿ ಒಂದು ಕ್ರಮಾಂಕ, ರಾಜ್ಯದಲ್ಲಿ ಇನ್ನೊಂದು. ಟ್ಯೂಷನ್ ಮೇಷ್ಟ್ರು ಎರಡನ್ನೂ ನೋಡಿ, ‘ಸರಕಾರಿ ಸೀಟು ಎಲ್ಲಾದರೂ ಒಂದ ಕಡೆ ಗ್ಯಾರಂಟಿ’ ಎಂದ ಮೇಲೆ ನಾವು ಪೇಢೆ ತಂದೆವು. ಚನ್ನಬಸು ಮೇಷ್ಟ್ರ ಮಾತಿನಲ್ಲಿ ‘ಗ್ಯಾರಂಟಿ’ಯನ್ನು ಕೇಳಿಸಿಕೊಂಡ. ‘ಎಲ್ಲಾದರೂ’ ಎಂಬುದನ್ನು ಕೇಳಿಸಿಕೊಳ್ಳಲಿಲ್ಲ. ಹಾವೇರಿಯಲ್ಲೇ ಸರಕಾರಿ ಮೆಡಿಕಲ್ ಕಾಲೇಜು ಇರುವಾಗ ಬೇರೆ ಊರಿನ ವಿಚಾರ ಅವನ ತಲೆಗೆ ಬರುವ ಕಾರಣವೂ ಇರಲಿಲ್ಲ ಅನ್ನಿ. ಮಗಳು ಬೆಳಗ್ಗೆ ರೈಲಿಗೆ ಹೋಗಿ ಸಂಜೆ ರೊಟ್ಟಿ ತಿನ್ನಲು ಮನೆಗೆ ಬರುತ್ತಾಳೆ, ಇದು ಅವನ ಎಣಿಕೆ.

ಮುಂದಿನ ಹಂತಕ್ಕೆ ಆಪ್ಷನ್ ಎಂಟ್ರಿ ಅನ್ನುತ್ತಾರೆ. ಯಾವ ಯಾವ ಕಾಲೇಜು ಬೇಕೆಂದು ನಮಗಿಷ್ಟವಾದ ಕ್ರಮದಲ್ಲಿ ಕಂಪ್ಯೂಟರಿನಲ್ಲಿ ತುಂಬಬೇಕು. ಬೆಂಗಳೂರಿನ ಕಚೇರಿಯವರು ಕ್ರಮಾಂಕದ ಪ್ರಕಾರ ಮೇಲಿನಿಂದ ನೋಡುತ್ತ ಬಂದು, ಸಿಕ್ಕ ಕಾಲೇಜನ್ನು ಕೊಡುತ್ತಾರೆ. ‘ಹಾಕಿದಿರೇನೋ’ ಎಂದು ನಾನು ಫೋನಿನಲ್ಲಿ ಕೇಳಿದೆ. ‘ಹಾಕೀನಿ, ಬಿಡು’ ಎಂದ. ಬಿಟ್ಟೆ.

ಆಮೇಲೊಂದು ಬೆಳಗ್ಗೆ ಗಿರಿಜಾಳ ಫೋನು. ನಾನು ರೂಢಿಯಂತೆ ‘ಯಾರು’ ಅಂದೆ. ಆ ಕಡೆಯಿಂದ ಬರೇ ಅಳು. ‘ಸೀಟು ಬರಲಿಲ್ರಿ ಅಕ್ಕಾರ’ ಎಂದಾಗ, ಯಾರೂ ಸತ್ತಿಲ್ಲ ಎಂದು ಒಂದು ಕ್ಷಣ ಸಮಾಧಾನವಾಗಿ, ಮರುಕ್ಷಣ ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದಂತಾಯಿತು. ಗ್ಯಾರಂಟಿ ಎಂದಿದ್ದರಲ್ಲ. ಸಿಕ್ಕ ಬಸ್ಸು ಹತ್ತಿದೆ. ಮೋಟೆಬೆನ್ನೂರು ಕ್ರಾಸ್ ದಾಟಿ ಮೆಣಸಿನಕಾಯಿಯ ವಾಸನೆ ಮೂಗಿಗೆ ಬಂದಾಗ ಗೊತ್ತಾಯಿತು, ಎರಡು ಕಾಲಿಗೆ ಎರಡು ಜೊತೆಯ ಚಪ್ಪಲಿ ಹಾಕಿಕೊಂಡು ಬಂದಿದ್ದೇನೆ.

ತಮ್ಮನ ಮನೆಯಲ್ಲಿ ಜಮಖಾನ ಹಾಸಿದ್ದರು. ಓಣಿಯ ಹೆಂಗಸರು ಗೋಡೆಗೆ ಆತುಕೊಂಡು ಕೂತಿದ್ದರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಒಬ್ಬಾಕೆ ಬಾಳೆಹಣ್ಣು ತಂದಿದ್ದಳು. ‘ಕದರಮಂಡಲಗಿ ಹನುಮಪ್ಪಗ ಬೇಡಿಕೊಂಡಿದ್ರೋ ಇಲ್ಲೋ’ ಎಂದು ಇನ್ನೊಬ್ಬಾಕೆ ಮೆಲ್ಲಗೆ ವಿಚಾರಣೆ ನಡೆಸಿದ್ದಳು. ಚನ್ನಬಸು ಮನೆಯಲ್ಲಿ ಕೂರಲಾರದೆ ಕೆಲಸಕ್ಕೆ ಹೋಗಿದ್ದ. ಅಡುಗೆಮನೆಯ ಬಾಗಿಲಲ್ಲಿ ಪಲ್ಲವಿ ಇದ್ದಳು. ಬಂದವರಿಗೆಲ್ಲ ಚಹಾ ಮಾಡುತ್ತಿದ್ದಳು. ತನ್ನದೇ ಸಾವಿಗೆ ಬಂದವರಿಗೆ ತಾನೇ ಚಹಾ ಕೊಡುತ್ತಿದ್ದಾಳಲ್ಲ ಅನ್ನಿಸಿ ನನಗೆ ಸಂಕಟವೂ ಸಿಟ್ಟೂ ಒಟ್ಟಿಗೆ ಬಂದವು. ಅವಳ ಕಣ್ಣು ಒಣಗಿದ್ದವು.

‘ಎಷ್ಟು ಕಾಲೇಜು ಹಾಕಿದ್ರಿ?’ ಎಂದು ಕೇಳಿದೆ.

‘ಒಂದು.’

ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡೆ. ‘ಒಂದು ಅಂದ್ರ?’

‘ಒಂದ, ಅತ್ತಿ. ಹಾವೇರಿ. ಅಪ್ಪ ಅದೊಂದ ಸಾಕು ಅಂದ.’

ರಾಜ್ಯದ ತುಂಬ ಕಾಲೇಜುಗಳಿವೆ. ಬೀದರಿನಿಂದ ಚಾಮರಾಜನಗರದವರೆಗೆ ಹುಡುಗರು ಒಂದನ್ನೂ ಬಿಡದೆ ತುಂಬುತ್ತಾರೆ. ನನ್ನ ತಮ್ಮ ಮಗಳ ಎರಡು ವರ್ಷದ ಓದನ್ನು ಒಂದೇ ಊರಿನ ಮೇಲಿಟ್ಟು, ಕೈಕಟ್ಟಿ ಕೂತಿದ್ದಾನೆ. ‘ನೀ ಏನ್ ಮಾಡ್ತಿದ್ದಿ, ಬಾಯಿಗೆ ಏನಾಗಿತ್ತು?’ ಎಂದು ಹುಡುಗಿಯ ಮೇಲೆ ರೇಗಿದೆ.

‘ಹೇಳಿದೆ. ಕೇಳಲಿಲ್ಲ’ ಎಂದು ಲೋಟ ತೊಳೆಯುತ್ತ ಹೇಳಿದಳು. ‘ಇದು ಖರೇ ಹಂಚಿಕಿ ಅಲ್ಲ ಅತ್ತಿ. ಮೊದಲ ಒಂದು ಅಣಕು ಹಂಚಿಕಿ ಮಾಡ್ತಾರ, ಹೆಂಗ ಬರಬಹುದು ಅಂತ ತೋರಿಸಾಕ. ಇವತ್ತ ಸಂಜೀತನಾ ಬದಲಿ ಮಾಡಬಹುದು. ಅದನ್ನೂ ಹೇಳಿದೆ. ಅವ್ವ ಅಳಾಕ ಚಾಲೂ ಮಾಡಿದ್ಲು, ಮಂದಿ ಬಂದ್ರು.’

ನಾನು ಗಾಬರಿಯ ಹೆಂಗಸು ಎಂದೆನಲ್ಲ. ಆದರೆ ಗಾಬರಿಯಾದವರು ಕಾಲು ಬೇಗ ಎತ್ತುತ್ತಾರೆ, ಅದೊಂದು ಉಪಯೋಗ. ಜಮಖಾನದ ಮೇಲಿದ್ದವರನ್ನು ದಾಟಿಕೊಂಡು, ಹುಡುಗಿಯ ಕೈ ಹಿಡಿದು ಮುನೀರನ ಅಂಗಡಿಗೆ ನಡೆದೆ. ಮುನೀರ ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದಾನೆ. ಮೊದಲ ಸಲ ತುಂಬಿದವನೂ ಅವನೇ.

‘ನಾ ಬಾಯಿ ಬಡಕೊಂಡೆ ಅಕ್ಕಾರ’ ಎಂದ ಮುನೀರ. ‘ಎಲ್ಲಾ ಕಾಲೇಜೂ ಹಾಕ್ರಿ ಚಾಚಾ, ಜಾಸ್ತಿ ಹಾಕಿದ್ರ ಜಾಸ್ತಿ ರೊಕ್ಕ ಏನ್ ಹತ್ತೂದಿಲ್ಲ ಅಂದೆ. ರೊಕ್ಕದ ಮಾತಲ್ಲೋ ಮುನೀರ್, ಜಬಾನಿನ ಮಾತು, ಕೊಟ್ಟ ಮಾತು ಉಳಿಸಬೇಕು ಅಂದ್ರು. ಇದರಾಗ ಜಬಾನು ಎಲ್ಲಿಂದ ಬಂತು, ನನಗ ತಿಳೀಲಿಲ್ರಿ.’

ಪುಟ ತೆರೆದ. ಮುಂದೆ ಹೋಗಬೇಕಾದರೆ ಓಟಿಪಿ ಬೇಕು, ಓಟಿಪಿ ಚನ್ನಬಸುವಿನ ಫೋನಿಗೆ ಹೋಗುತ್ತದೆ, ಚನ್ನಬಸುವಿನ ಫೋನು ವ್ಯಾಪ್ತಿಯ ಹೊರಗಿದೆ. ಕೋಲ್ಡ್ ಸ್ಟೋರೇಜಿನ ಗೋಡೆ ಎಷ್ಟು ದಪ್ಪವೆಂದರೆ ಬಿಸಿಲೂ ಒಳಗೆ ಹೋಗುವುದಿಲ್ಲ, ಫೋನೂ ಹೋಗುವುದಿಲ್ಲ. ಮುನೀರ ತನ್ನ ಅಂಗಡಿಗೆ ಬಾಗಿಲು ಎಳೆದು ಲ್ಯಾಪ್‌ಟಾಪನ್ನು ಬಗಲಲ್ಲಿಟ್ಟುಕೊಂಡ. ಮೂವರೂ ಆಟೋದಲ್ಲಿ ಹೊರಟೆವು.

ಕೋಲ್ಡ್ ಸ್ಟೋರೇಜಿನ ಗೇಟಿನವನು ಒಳಗೆ ಹೋಗಿ ಕರೆದು ತರುವಷ್ಟರಲ್ಲಿ ನಾನು ತಮ್ಮನಿಗೆ ಏನೇನು ಅನ್ನಬೇಕೆಂದು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಬಾಗಿಲು ತೆರೆಯಿತು, ಬಿಳಿ ಹಬೆಯ ನಡುವಿನಿಂದ ಮಂಕಿ ಟೋಪಿ ಹಾಕಿಕೊಂಡು ಅವನು ಬಂದ. ಕಣ್ಣಷ್ಟೇ ಕಾಣುತ್ತಿದ್ದವು. ಅವು ಕೆಂಪಾಗಿದ್ದವು. ಜೋಡಿಸಿಟ್ಟದ್ದೆಲ್ಲ ಮರೆತುಹೋಗಿ, ‘ಯಾಕೋ ಹಿಂಗ ಮಾಡಿದಿ’ ಎಂದಷ್ಟೇ ಕೇಳಿದೆ.

ಇಲ್ಲಿ ಒಂದು ಹಳೆಯ ಸಂಗತಿ ಹೇಳದಿದ್ದರೆ ಅವನ ಉತ್ತರ ನಿಮಗೆ ಹುಚ್ಚುತನ ಅನ್ನಿಸುತ್ತದೆ. ಈ ಕೆಲಸಕ್ಕೆ ಬರುವ ಮೊದಲು ಚನ್ನಬಸು ಮಾರುಕಟ್ಟೆಯಲ್ಲಿ ಒಬ್ಬ ಖರೀದಿದಾರನ ಗುಮಾಸ್ತನಾಗಿದ್ದ. ಬ್ಯಾಡಗಿ ಪೇಟೆಯಲ್ಲಿ ರೈತರು ಮಾಲು ಸುರುವಿ ಇಡುತ್ತಾರೆ. ಖರೀದಿದಾರರು ಒಂದೊಂದು ರಾಶಿಯನ್ನೂ ಮುಟ್ಟಿ, ಮುರಿದು, ಮೂಸಿ ನೋಡಿ ಅದಕ್ಕೆ ತಮ್ಮ ರೇಟು ಹಾಕುತ್ತಾರೆ. ಅದೇ ಟೆಂಡರು. ಯಾರದು ಮೇಲೋ ಮಾಲು ಅವರದು. ಒಮ್ಮೆ ರೇಟು ಹಾಕಿದ ಮೇಲೆ ಒಲ್ಲೆ ಅನ್ನುವಂತಿಲ್ಲ. ಎಷ್ಟು ರಾಶಿ ಬಂದರೂ ಅಷ್ಟನ್ನೂ ಎತ್ತಬೇಕು. ಎಲ್ಲದಕ್ಕೂ ಬೇಕಾಬಿಟ್ಟಿ ರೇಟು ಹಾಕಿ ಆಮೇಲೆ ಮುಖ ಮರೆಸಿಕೊಂಡವನ ಜೊತೆ ಆ ಪೇಟೆಯಲ್ಲಿ ಯಾರೂ ಚಹಾ ಕುಡಿಯುವುದಿಲ್ಲ. ಚನ್ನಬಸು ಲೋಕವನ್ನು ಕಲಿತದ್ದು ಅಲ್ಲಿ. ನಾನು ಅಂಚೆ ಕಚೇರಿಯಲ್ಲಿ ಗಾಬರಿಯಾಗುವುದನ್ನು ಕಲಿತಂತೆ ಅವನು ಪೇಟೆಯಲ್ಲಿ ಇದನ್ನು ಕಲಿತ.

‘ನಾ ಎತ್ತಲಾರದ ಮಾಲಿಗೆ ಟೆಂಡರ್ ಹಾಕೂದಿಲ್ಲ ಅಕ್ಕ’ ಎಂದ. ‘ಬೀದರಂತ, ಯಾದಗಿರಿಯಂತ, ಕಾರವಾರಂತ. ಒಬ್ಬಾಕಿನ್ನ ಅಷ್ಟು ದೂರ ಬಿಟ್ಟು ಬರಾಕ ನನ್ನ ಕಡೆ ಆಗೂದಿಲ್ಲ. ಆಗೂದಿಲ್ಲ ಅಂತ ಗೊತ್ತಿದ್ದೂ ಹೆಸರು ಹೆಂಗ ಹಾಕ್ಲಿ? ನಾಳೆ ಅವ್ರು ಸೀಟ್ ತಗದಿಟ್ಟು ಬರ್ರಿ ಅಂದ್ರ, ಒಲ್ಲೆ ಅಂತ ಯಾವ ಮುಖಾ ಇಟ್ಕೊಂಡು ಹೇಳ್ಲಿ?’

ಹೀಗೆಂದು ಹೇಳುವವನನ್ನು ಏನು ಮಾಡುವುದು. ಮುನೀರ ಲ್ಯಾಪ್‌ಟಾಪ್ ತೆರೆದುಕೊಂಡು ಆಟೋದ ಸೀಟಿನ ಮೇಲೆ ಕೂತು ಗಡಿಯಾರ ನೋಡುತ್ತಿದ್ದ. ಹುಡುಗಿ ಮುಂದೆ ಬಂದಳು. ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ. ಅಪ್ಪನ ಎದುರು ಕತ್ತೆತ್ತಿ ನಿಂತದ್ದನ್ನು ಕಂಡದ್ದು ಅಂದೇ.

‘ಅಪ್ಪಾ, ಈ ಟೆಂಡರಿನಾಗ ನೀ ಖರೀದಿದಾರ ಅಲ್ಲ’ ಎಂದಳು. ‘ಖರೀದಿದಾರ್ರು ಅವ್ರು, ಕಾಲೇಜಿನವ್ರು. ಮಾಲು ನಾನು. ಎಲ್ಲಾರೂ ತಮ್ಮ ತಮ್ಮ ಮಾಲು ಸುರುವಿ ಕುಂತಾರ. ನೀ ಒಬ್ಬ ಖರೀದಿದಾರಗ ಅಷ್ಟ ತೋರಿಸಿ, ಉಳಿದವ್ರಿಗೆಲ್ಲಾ ಚೀಲದ ಬಾಯಿ ಕಟ್ಟಿ ಇಟ್ಟಿ.’

ದನಿ ಏರಿಸಿರಲಿಲ್ಲ. ಆದರೂ ಯಾರೋ ಕಪಾಳಕ್ಕೆ ಹೊಡೆದಂತೆ ಚನ್ನಬಸು ಒಂದು ಹೆಜ್ಜೆ ಹಿಂದೆ ಸರಿದ. ಮನೆಯಲ್ಲಿ ಆಡಿ ಬೆಳೆದ ಮಗು ತನ್ನನ್ನು ತಾನೇ ಮಾಲು ಎಂದು ಕರೆದುಕೊಂಡದ್ದನ್ನು ಕೇಳಿಸಿಕೊಂಡು ನಿಲ್ಲುವುದು ಸುಲಭವಲ್ಲ. ಅದಕ್ಕಿಂತ ಕಷ್ಟವೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. ಪರೀಕ್ಷೆಯ ಗೇಟಿನ ಮುಂದೆ ಓಲೆ ಬಿಚ್ಚಿಸಿ ಕಳಿಸಿದ ದಿನ ನಾನು ಬಾಯಿಬಿಟ್ಟು ಹೇಳಲು ಹೆದರಿದ ಮಾತು ಅದೇ ಇರಬೇಕು. ಚನ್ನಬಸು ಸ್ವೆಟರಿನ ಒಳಗಿನಿಂದ ಫೋನು ತೆಗೆದು ಮಗಳ ಕೈಗೆ ಕೊಟ್ಟ. ತಂಪಿನಿಂದ ಹೊರಗೆ ಬಂದ ಫೋನು ಬೆವತಿತ್ತು. ಅದು ಬಿಟ್ಟೂಬಿಡದೆ ಟಿಂಗ್ ಟಿಂಗ್ ಅನ್ನತೊಡಗಿತು.

ಆಟೋದಲ್ಲೇ ಕೂತು ಮುನೀರ ಎಲ್ಲ ಕಾಲೇಜುಗಳನ್ನೂ ತುಂಬಿದ. ಹಾವೇರಿ ಮೊದಲು, ಆಮೇಲೆ ಹತ್ತಿರದವು, ಆಮೇಲೆ ದೂರದವು. ಚನ್ನಬಸು ಪಕ್ಕದಲ್ಲಿ ನಿಂತು ಒಂದೊಂದು ಊರಿನ ಹೆಸರು ಬಂದಾಗಲೂ, ‘ಅಲ್ಲಿಗೆ ರೈಲು ಐತೇನು’ ಎಂದು ಕೇಳುತ್ತಿದ್ದ. ಮುನೀರನಿಗೆ ಗೊತ್ತಿಲ್ಲದಿದ್ದರೂ ‘ಐತ್ರಿ ಚಾಚಾ’ ಅನ್ನುತ್ತಿದ್ದ. ಮುಗಿಯುವ ಹೊತ್ತಿಗೆ ಹಮಾಲರು ಸುತ್ತ ನೆರೆದು, ಯಾವ ಊರು ಮೇಲೆ ಬರಬೇಕೆಂದು ತಮ್ಮ ತಮ್ಮಲ್ಲೇ ಜಗಳ ಶುರುಮಾಡಿದ್ದರು.

ನಿಜವಾದ ಹಂಚಿಕೆ ಬಂದ ದಿನ ಅವರು ಮೂವರೂ ನಮ್ಮ ಮನೆಗೆ ಬಂದರು. ಬ್ಯಾಡಗಿಯಲ್ಲಿದ್ದರೆ ಮತ್ತೆ ಜಮಖಾನ ಹಾಸಬೇಕಾದೀತೆಂದು ಗಿರಿಜಾಗೆ ಹೆದರಿಕೆ. ಚನ್ನಬಸು ಕೆಲಸದಿಂದ ನೇರ ಬಂದವನು, ಟೋಪಿ ತೆಗೆದು ಮೊಳೆಗೆ ಹಾಕಿದ; ಹೋಗುವಾಗ ಅದನ್ನು ಮರೆತೇ ಹೋದ. ಪಲ್ಲವಿ ಫೋನು ನೋಡಿ, ‘ಕಾರವಾರ’ ಎಂದಳು. ಸರಕಾರಿ ಸೀಟು. ಗಿರಿಜಾ ಕೈಮುಗಿದು ಅಲ್ಲೇ ಗೋಡೆಗೊರಗಿ ಕುಸಿದು ಕೂತಳು. ನಾನು ಸಕ್ಕರೆ ಡಬ್ಬಿ ಎತ್ತಿಕೊಂಡು ಬಂದೆ.

‘ನಿಲ್ಲಕ್ಕ’ ಎಂದ ಚನ್ನಬಸು. ಮಗಳ ಕೈಯಿಂದ ಫೋನು ಇಸಿದುಕೊಂಡು ನೋಡುತ್ತಿದ್ದ. ಸೀಟು ಬಂದರಷ್ಟೇ ಸಾಲದು, ಒಪ್ಪಿಗೆಯೋ ಇಲ್ಲವೋ ಎಂದು ಒತ್ತಬೇಕು. ಅದು ಪರದೆಯ ಮೇಲೆ ಬಂದಿತ್ತು.

‘ಪ್ಯಾಟ್ಯಾಗ ರೇಟು ಬಂದ ಮ್ಯಾಲೆ ರೈತನ್ನ ಒಂದು ಮಾತು ಕೇಳ್ತಾರ’ ಎಂದು ಮಗಳಿಗೆ ಹೇಳಿದ. ‘ಕೊಡ್ತೀಯೋ, ಇಲ್ಲೋ ಅಂತ. ಅವ ಒಲ್ಲೆ ಅಂದ್ರ ಮಾಲು ತಿರುಗಿ ಹೇರಿಕೊಂಡು ಹೋಗ್ತಾನ, ಯಾರೂ ಏನೂ ಅನ್ನೂದಿಲ್ಲ. ನೀ ಅವತ್ತ ಮಾಲು ನಾನು ಅಂದಿ. ಅವತ್ತಿಂದ ನನಗ ಸರಿ ನಿದ್ದಿ ಇಲ್ಲವ್ವ. ಮಾಲಿಗೆ ಬಾಯಿಲ್ಲ. ನಿನಗೈತಿ. ಡಾಕ್ಟರ್ ಆಗೂದು ನಿನಗ ಬೇಕೇನು?’

ಸಕ್ಕರೆ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಇದಕ್ಕೂ ಮುಂಚೆ ಆದ ಗಾಬರಿಗಳೆಲ್ಲ ಇದರ ಮುಂದೆ ಏನೂ ಅಲ್ಲ. ಹುಡುಗಿಯ ಅಂಕ ಕೇಳಿದ್ದೆವು, ಕ್ರಮಾಂಕ ಕೇಳಿದ್ದೆವು. ಅರ್ಜಿಯಲ್ಲಿ ಅವಳ ಜಾತಿ, ಆದಾಯ, ಕನ್ನಡದಲ್ಲಿ ಓದಿದಳೋ, ಹಳ್ಳಿಯಲ್ಲಿ ಓದಿದಳೋ ಎಲ್ಲ ಕೇಳಿದ್ದರು. ಊರಲ್ಲಿ ದವಾಖಾನೆ ಎಲ್ಲಿ ತೆಗೆಯುತ್ತೀ ಎಂದು ನಾನೇ ಕೇಳಿದ್ದೆ. ಇದೊಂದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಬೇಡ ಎಂದುಬಿಟ್ಟರೆ? ಗಿರಿಜಾ ನೆಲದಿಂದಲೇ ಕೈಚಾಚಿ ನನ್ನ ಸೀರೆಯ ನೆರಿಗೆ ಹಿಡಿದುಕೊಂಡಳು. ಚನ್ನಬಸು ಮಾತ್ರ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಅವಳು ಏನು ಹೇಳಿದರೂ ಕೇಳಲು ಅವನು ತಯಾರಾಗಿಯೇ ಬಂದಿದ್ದಾನೆಂದು ನನಗೆ ಆಗ ಗೊತ್ತಾಯಿತು.

ಸೀಟು ಬರಲಿಲ್ಲವೆಂದು ಮನೆತುಂಬ ಜನ ಕೂತಿದ್ದಾಗಲೂ ಅಳದ ಪಲ್ಲವಿ ಈಗ ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ಕೈಯಿಂದ ಫೋನು ತೆಗೆದುಕೊಂಡು, ಕಣ್ಣೀರಿಗೆ ಪರದೆ ಕಾಣದೆ ಅದನ್ನು ಎರಡು ಸಲ ಒರೆಸಿದಳು.

‘ಬೇಕಪ್ಪ’ ಎಂದಳು. ‘ಭಾಳ ಬೇಕು. ನೀ ಕೇಳಿದಿ ನೋಡು, ಈಗ ಹೇಳಿದೆ.’